ಬ್ರೇಕಮ್ಮನ ಗಂಡ ಗಾಡಿ ಕಲಿತದ್ದು

ಬ್ರೇಕಮ್ಮ ಅಂದರೆ ಆ ಊರಿನ ಅರ್ಧ ಜನಕ್ಕೆ ಬಲಗಾಲು ತಾನಾಗಿಯೇ ಕೆಳಕ್ಕೆ ಒತ್ತುತ್ತಿತ್ತು. ಅಷ್ಟು ಮಂದಿಗೆ ಅವಳು ಗಾಡಿ ಕಲಿಸಿದ್ದಳು. ಬ್ಯಾಂಕಿನ ಮ್ಯಾನೇಜರು, ಹಲ್ಲಿನ ಡಾಕ್ಟರು, ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು, ರಿಟೈರಾದ ಮೇಲೆ ಹುರುಪು ಬಂದ ತಾತಂದಿರು, ಎಲ್ಲರೂ ಅವಳ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ ಸ್ಟೇರಿಂಗು ಹಿಡಿದವರೇ. ಡ್ರೈವಿಂಗ್ ಸ್ಕೂಲಿನ ಆ ಹಳೇ ಬಿಳಿ ಕಾರಿನಲ್ಲಿ ಎರಡು ಬ್ರೇಕು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಅವಳ ಕಾಲಿಗೆ. ಆದರೆ ಅವಳು ಕಾಲಿಗಿಂತ ಗಂಟಲನ್ನೇ ಹೆಚ್ಚು ನಂಬಿದವಳು. "ಬ್ರೇಕು! ಬ್ರೇಕು! ಅಯ್ಯೋ ಬ್ರೇಕಪ್ಪಾ!" ಎಂದು ಅವಳು ಕೂಗಿದರೆ ಎದುರಿನಿಂದ ಬರುವ ಬಸ್ಸೂ ಒಂದು ಗಳಿಗೆ ಅನುಮಾನಿಸಿ ನಿಲ್ಲುತ್ತಿತ್ತು. ಹಾಗೆ ಬಂದ ಹೆಸರು ಅದು. ಅವಳು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ಓಡಾಡುತ್ತಿದ್ದಳು.

ಅವಳ ಗಂಡ ಲಿಫ್ಟು ರಿಪೇರಿಯವನು. ತೆಳ್ಳಗಿನ ಆಳು, ಮಾತು ಕಡಿಮೆ, ಜೇಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರು. ಇಬ್ಬರ ಪರಿಚಯವಾದದ್ದೇ ಲಿಫ್ಟಿನಲ್ಲಿ. ಎರಡು ಮಹಡಿಗಳ ನಡುವೆ ಅವಳು ಸಿಕ್ಕಿಹಾಕಿಕೊಂಡಿದ್ದಾಗ ಬಾಗಿಲ ಸಂದಿಯಿಂದ ಅವನ ಬೂಟು ಮಾತ್ರ ಕಾಣುತ್ತಿತ್ತು. ಅವಳು ಆ ಬೂಟಿನ ಜೊತೆಗೇ ಮಾತಿಗಿಳಿದಳು. ಬೂಟು ಮೊದಲು ಹೂಂ ಅಂದಿತು, ಆಮೇಲೆ ನಕ್ಕಿತು. ಹೊರಗೆ ಬಂದ ಮೇಲೆ ಬೂಟಿನ ಮೇಲಿನ ಮನುಷ್ಯನನ್ನೂ ನೋಡಿ ಅವಳು ಒಪ್ಪಿದಳು. ಮಕ್ಕಳಾಗಲಿಲ್ಲ. ಕೆಲವು ವರ್ಷ ಅದಕ್ಕಾಗಿ ಓಡಾಡಿದರು, ಆಮೇಲೆ ಓಡಾಟ ಬಿಟ್ಟು ಒಬ್ಬರನ್ನೊಬ್ಬರು ಕೆಣಕಿಕೊಂಡು ಇರುವುದನ್ನೇ ರೂಢಿ ಮಾಡಿಕೊಂಡರು. ಅವರ ಮನೆಯಿಂದ ಹೊರಗೆ ಕೇಳುತ್ತಿದ್ದ ಸದ್ದು ಒಂದೇ, ಅವಳ ನಗು.

ಅವಳಿಗೆ ಐವತ್ತು ದಾಟಿದ ಮೇಲೆ ಹೊಟ್ಟೆ ಬೆಳೆಯತೊಡಗಿತು. ಕೈಕಾಲು ಸೊರಗುತ್ತಿದ್ದವು, ಮುಖ ಬಿಳಿಚಿಕೊಳ್ಳುತ್ತಿತ್ತು, ಹೊಟ್ಟೆ ಮಾತ್ರ ದಿನದಿನಕ್ಕೆ ಮುಂದೆ ಮುಂದೆ. ಎರಡು ತುತ್ತು ತಿಂದರೆ ಗಂಟಲವರೆಗೆ ತುಂಬಿದ ಹಾಗಾಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಕೇಳಿದವರಿಗೆಲ್ಲ "ಸೀಟ್ ಬೆಲ್ಟು ಕುಗ್ಗಿದೆ" ಎಂದು ಹೇಳಿ ಪಾರಾಗುತ್ತಿದ್ದಳು.

ಮೊದಲು ಬಾಯಿಬಿಟ್ಟವರು ಮೇಲಿನ ಮನೆಯ ಟೈಲರಮ್ಮ. ಮೆಟ್ಟಿಲಲ್ಲಿ ಎದುರಾದವರು ಹೊಟ್ಟೆ ನೋಡಿದರು, ಮುಖ ನೋಡಿದರು, ಮತ್ತೆ ಹೊಟ್ಟೆ ನೋಡಿದರು.

"ಎಷ್ಟು ತಿಂಗಳು?" ಎಂದು ಪಿಸುಗುಟ್ಟಿದರು.

"ಏನು ಎಷ್ಟು ತಿಂಗಳು?"

"ನನ್ನ ಹತ್ರನೂ ಮುಚ್ಚಿಡ್ತೀರಾ? ಇಷ್ಟು ವರ್ಷ ಕಾದು ಆಗಿದೆ. ಹೋಗಲಿ ಬಿಡಿ, ನಾನಂತೂ ಯಾರಿಗೂ ಹೇಳಲ್ಲ."

ಯಾರಿಗೂ ಹೇಳುವುದಿಲ್ಲ ಅಂದ ಆ ಮಾತು ಸಂಜೆಯೊಳಗೆ ಕಟ್ಟಡದ ಎಲ್ಲ ಮಹಡಿಗಳನ್ನೂ ಹತ್ತಿಳಿದು, ರಸ್ತೆ ದಾಟಿ, ಡ್ರೈವಿಂಗ್ ಸ್ಕೂಲಿನ ಬಾಗಿಲು ಮುಟ್ಟಿತು. ಗಂಡ ಕೆಲಸ ಮುಗಿಸಿ ಮನೆಗೆ ಬಂದಾಗ ಅವನ ಮುಖದಲ್ಲಿ ಗಾಬರಿಯೂ ಬೆರಗೂ ಒಟ್ಟೊಟ್ಟಿಗೆ ಇದ್ದವು.

"ಎಲ್ಲರೂ ಕೈ ಕುಲುಕ್ತಾ ಇದಾರೆ ಕಣೇ. ವಾಚ್‌ಮನ್ ಎದ್ದು ನಿಂತು 'ಭಲೇ ಸಾರ್' ಅಂದ. ನಾನೇನೋ ಭಾರೀ ಸಾಧನೆ ಮಾಡಿದ್ದೀನಂತೆ. ಏನದು ಅಂತ ನಿನಗೇನಾದ್ರೂ ಗೊತ್ತಾ?"

ಅವಳು ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ಹಿಡಿದುಕೊಳ್ಳಲು ಹೊಟ್ಟೆ ಧಾರಾಳವಾಗಿಯೇ ಇತ್ತು. ನಗು ನಿಂತ ಮೇಲೆ ಅವಳು ಹೊಟ್ಟೆ ಸವರಿಕೊಂಡಳು.

"ರೀ, ಒಂದು ವೇಳೆ?" ಅಂದಳು.

"ಈ ವಯಸ್ಸಿಗಾ?"

"ಎಲ್ಲೋ ಯಾರಿಗೋ ಆಗಿದೆಯಂತೆ. ಪೇಪರಲ್ಲಿ ಬಂದಿತ್ತು."

ಅವನು ತಟ್ಟನೆ ಎದ್ದ. ಚಪ್ಪಲಿ ಮೆಟ್ಟಿಕೊಂಡು, ಅದೂ ಒಂದು ಕಾಲಿಗೆ ಅವಳ ಚಪ್ಪಲಿ ಸಿಕ್ಕಿಸಿಕೊಂಡು, ಔಷಧಿ ಅಂಗಡಿಗೆ ಓಡಿದ. ಆಮೇಲೆ ಇಬ್ಬರೂ ಬಚ್ಚಲ ಹೊಸ್ತಿಲ ಮೇಲೆ ಅಂಟಿಕೊಂಡು ಕೂತು, ಟೀವಿ ನೋಡುವವರ ಹಾಗೆ ಅವನು ತಂದ ಬಸಿರು ಪರೀಕ್ಷೆಯ ಪಟ್ಟಿಯನ್ನು ನೋಡಿದರು.

"ಒಂದೇ ಗೆರೆ ಕಾಣ್ತಾ ಇದೆ."

"ಕನ್ನಡಕ ಹಾಕ್ಕೊಂಡು ನೋಡಿ."

"ಹಾಕ್ಕೊಂಡೇ ಇದ್ದೀನಿ ಕಣೇ."

ಬೆಳಕಿಗೆ ಹಿಡಿದರು, ಅಲ್ಲಾಡಿಸಿದರು, ತಲೆಕೆಳಗು ಮಾಡಿದರು. ಒಂದೇ ಗೆರೆ, ಎರಡನೆಯದು ಮೂಡಲೇ ಇಲ್ಲ. ಮುಖ ಮುಖ ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನೀರಿನಲ್ಲಿ ಸ್ವಲ್ಪ ಭಾಗ ನಗುವಿನದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಗಂಡ ಮೂಗು ಒರೆಸಿಕೊಂಡು ಕೇಳಿದ:

"ಹಾಗಾದ್ರೆ ಒಳಗೆ ಕೂತಿರೋನು ಯಾರು?"

ಆ ಪ್ರಶ್ನೆಯೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಯಿತು. ಬೀದಿ ಕೊನೆಯ ಡಾಕ್ಟರಮ್ಮ ಹೊಟ್ಟೆಯನ್ನು ಒತ್ತಿ ನೋಡಿದರು, ಇನ್ನೊಂದು ಸಲ ಒತ್ತಿದರು, ಬೆರಳನ್ನು ಹೊಕ್ಕುಳಿನ ಕೆಳಗಿನವರೆಗೂ ಇಳಿಸಿದರು. ಎಡ ಪಕ್ಕೆಲುಬಿನ ಅಡಿಯಲ್ಲಿ ಮುಷ್ಟಿಯಷ್ಟು ದಪ್ಪ ಅಡಗಿ ಕೂತಿರಬೇಕಾದ ಗುಲ್ಮ, ಅಂದರೆ ಸ್ಪ್ಲೀನು ಅನ್ನುವ ಅಂಗ, ಅವಳಿಗೆ ಹೊಕ್ಕುಳ ದಾಟಿ ಬಂದಿತ್ತು. ಅಲ್ಲಿಂದ ದೊಡ್ಡಾಸ್ಪತ್ರೆ, ರಕ್ತದ ಡಾಕ್ಟರು, ಒಂದರ ಮೇಲೊಂದು ಪರೀಕ್ಷೆ. ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಮಜ್ಜೆ ಎಳೆಯಲು ನೋಡಿದರು. ಒಂದು ಹನಿಯೂ ಬರಲಿಲ್ಲ.

"ಬರ್ತಾ ಇಲ್ವಲ್ಲ" ಎಂದರು ಸೂಜಿ ಹಿಡಿದವರು.

"ನನ್ನ ಮೂಳೆ ಜಿಪುಣ ಅಂತ ನನಗೇ ಗೊತ್ತಿರಲಿಲ್ಲ" ಎಂದಳು ಬ್ರೇಕಮ್ಮ, ಹಲ್ಲು ಕಚ್ಚಿಕೊಂಡು. ಕೊನೆಗೆ ಮೂಳೆಯದೇ ಒಂದು ಚೂರು ತೆಗೆದುಕೊಂಡರು.

ರಕ್ತದ ಡಾಕ್ಟರು ಚಿಕ್ಕ ವಯಸ್ಸಿನವರು. ಕೂದಲು ಮಾತ್ರ ಅವಸರ ಮಾಡಿಕೊಂಡು ಹೋಗಿಬಿಟ್ಟಿತ್ತು. ಅವರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಮೂಳೆ ಒಳಗೆ ರಕ್ತ ತಯಾರಾಗೋ ಜಾಗ ಇದೆ, ಅದೇ ಮಜ್ಜೆ. ನಿಮಗೆ ಅಲ್ಲೆಲ್ಲ ನಾರು ಬೆಳೆದುಬಿಟ್ಟಿದೆ. ಅಲ್ಲಿ ಕೆಲಸ ನಡೀದೆ ಗುಲ್ಮದ ಮೇಲೆ ಹೊರೆ ಬಿದ್ದು, ಅದು ಹೀಗೆ ಊದಿಕೊಂಡಿದೆ. ಇದೂ ಒಂಥರಾ ರಕ್ತದ ಕ್ಯಾನ್ಸರೇ. ಬಹಳ ಅಪರೂಪದ್ದು. ನಾನೇ ಬೆರಳಲ್ಲಿ ಎಣಿಸೋಷ್ಟು ನೋಡಿದ್ದೀನಿ."

ಗಂಡ ಅವಳ ಕೈ ಹಿಡಿದುಕೊಂಡ. ಅವಳಿಗೆ ಏನಾದರೂ ಮಾತಾಡದಿದ್ದರೆ ಕುರ್ಚಿಯಿಂದ ಜಾರಿಬಿಡುತ್ತೇನೆ ಅನ್ನಿಸಿ, ಬಾಯಿಗೆ ಬಂದದ್ದನ್ನು ಅಂದಳು:

"ಅಪರೂಪ ಅಂದ್ರೆ? ನಮ್ಮಕ್ಕನಿಗೂ ಇಲ್ವಾ?"

"ಇಲ್ಲದೇ ಇರಬಹುದು. ಯಾಕೆ?"

"ಹುಟ್ಟಿದಾಗಿಂದ ಮೊದಲನೇ ಸಲ ಅವಳ ಹತ್ರ ಇಲ್ಲದ್ದು ನನಗೆ ಸಿಕ್ಕಿದೆ ನೋಡಿ!"

ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆದರೆ ಅವರು ಕುರ್ಚಿಯ ತುದಿಗೆ ಸರಿದರು. "ಸ್ವಂತ ಅಕ್ಕನಾ? ಒಂದೇ ತಂದೆ ತಾಯಿ?"

"ಹೌದು. ಅದರಲ್ಲಿ ನಿಮಗೇನು ಖುಷಿ?"

"ನಿಮಗಿರೋ ದಾರಿ ಅವರೇ ಇರಬಹುದು" ಎಂದರು ಡಾಕ್ಟರು. ಮಾತ್ರೆಯಿಂದ ಗುಲ್ಮ ಇಳಿಯುತ್ತದೆ, ರೋಗ ಬಿಟ್ಟುಹೋಗುವುದಿಲ್ಲ. ಹೊಂದಾಣಿಕೆಯಾಗುವ ಒಬ್ಬರ ಮಜ್ಜೆಯಿಂದ ರಕ್ತ ಹುಟ್ಟಿಸುವ ಬೀಜಕಣ ತಂದು, ಇವಳ ಹಳೆಯದನ್ನು ಪೂರ್ತಿ ಅಳಿಸಿ, ಹೊಸದನ್ನು ಕಸಿ ಮಾಡಿ ಊರಬೇಕು. ಅಪಾಯವನ್ನೂ ಅವರು ಮುಚ್ಚಿಡಲಿಲ್ಲ. "ಗೆದ್ದು ಬರೋರೇ ಹೆಚ್ಚು. ಆದರೆ ಎಲ್ಲರೂ ಬರಲ್ಲ."

ಬಸ್ಸಿನಲ್ಲಿ ಮನೆಗೆ ಹೊರಟರು. ಕಾಲಿಡಲು ಜಾಗವಿರಲಿಲ್ಲ. ಬ್ರೇಕಮ್ಮನ ಹೊಟ್ಟೆ ಕಂಡ ಕೂಡಲೇ ಒಬ್ಬ ಹೆಂಗಸು ದಡಬಡಿಸಿ ಎದ್ದು ಸೀಟು ಬಿಟ್ಟುಕೊಟ್ಟಳು. ಇವಳು ಕೂತು, ಕಂಬಿ ಹಿಡಿದು ನಿಂತಿದ್ದ ಗಂಡನ ಮುಖ ನೋಡಿದಳು. ಅವನ ತುಟಿ ಅದುರುತ್ತಿತ್ತು. ಅಳುವಿಗೋ ನಗುವಿಗೋ ಎಂದು ನೋಡುವಷ್ಟರಲ್ಲಿ ಇವಳಿಗೇ ಕಿಸಕ್ಕೆಂದು ನಗು ಬಂತು. ಅವನಿಗೂ ಹತ್ತಿತು.

"ಮೊದಲನೇದಾ?" ಎಂದಳು ಸೀಟು ಕೊಟ್ಟವಳು, ಇವರ ಸಂಭ್ರಮ ನೋಡಿ.

"ಮೊದಲನೇದೂ ಇದೇ, ಕೊನೇದೂ ಇದೇ" ಎಂದಳು ಬ್ರೇಕಮ್ಮ.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು. ಗಂಡ ನೆಲದ ಮೇಲೆ ಕೂತು ಅವಳ ಹೊಟ್ಟೆಗೆ ಹಣೆಯಿಟ್ಟು ಬಿಕ್ಕಿದ. ಅವಳು ಅವನ ತಲೆ ಸವರುತ್ತ, ತಾನೂ ಸೊರಸೊರ ಮೂಗೆಳೆಯುತ್ತ, "ಒದೀತಾ ಇದ್ಯಾ ನೋಡಿ" ಅಂದಳು. ಅವನು ಅಳುತ್ತಲೇ ನಕ್ಕುಬಿಟ್ಟ. ಆ ಗುಲ್ಮಕ್ಕೆ ಗುಲ್ಮಯ್ಯ ಎಂದು ಹೆಸರು ಬಿದ್ದದ್ದು ಆವತ್ತೇ.

ಅಕ್ಕ ಮಾರನೆಯ ದಿನವೇ ಬಂದಿಳಿದಳು. ಅವಳು ರಿಟೈರಾದ ಡ್ರಿಲ್ ಟೀಚರು. ಬೆನ್ನು ಈಗಲೂ ಸ್ಕೇಲು ಇಟ್ಟ ಹಾಗೆ ನೆಟ್ಟಗೆ, ಕೊರಳಲ್ಲಿ ಸೀಟಿ. ರಿಟೈರಾದ ಮೇಲೂ ಸೀಟಿ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಕೊಡುವಾಗ ನರ್ಸಿಗೆ "ಭುಜ ಹಿಂದಕ್ಕೆ, ನೇರ ನಿಂತ್ಕೋ" ಎಂದು ತಿದ್ದಿದಳು. ವಾರ ಕಳೆದು ಫಲಿತಾಂಶ ಬಂತು. ಪೂರ್ತಿ ಹೊಂದಾಣಿಕೆ.

ಫೋನಿಟ್ಟು ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಾನು ಹಾಕಿ ಬಿಟ್ಟ ಫ್ರಾಕು ಹಾಕ್ಕೊಂಡೆ. ನಾನು ತುಳಿದು ಬಿಟ್ಟ ಸೈಕಲ್ಲು ತುಳಿದೆ. ಈಗ ಮಜ್ಜೇನೂ ನನ್ನದೇ ಬೇಕಾ ನಿನಗೆ?"

"ಆ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ ಕಣೇ" ಎಂದಳು ತಂಗಿ. "ಈ ಸಲ ನೋಡಿ ಕೊಡು."

ಅಕ್ಕ ಏನೋ ಬೈಯಲು ಬಾಯಿ ತೆರೆದವಳು ತಂಗಿಯನ್ನು ಎಳೆದು ಅಪ್ಪಿಕೊಂಡಳು. ಡ್ರಿಲ್ ಟೀಚರ ಅಪ್ಪುಗೆ. ಅದರಲ್ಲಿ ಮೂಳೆ ಲಟಲಟ ಅಂದವು.

ಕಸಿ ಆದ ಮೇಲೆ ಬ್ರೇಕಮ್ಮನ ರಕ್ತದ ಗುಂಪೇ ಬದಲಾಗಿ ಅಕ್ಕನ ಗುಂಪಾಗುತ್ತದೆ ಎಂದು ಡಾಕ್ಟರು ಹೇಳಿದಾಗ, ಎಂದೂ ಬಾಯಿ ಬಿಡದ ಗಂಡ ಕೈ ಎತ್ತಿ ಕೇಳಿದ. "ಡಾಕ್ಟ್ರೇ, ರಕ್ತದ ಜೊತೆ ಸ್ವಭಾವನೂ ಬರುತ್ತಾ?"

"ಇಲ್ಲ, ಇಲ್ಲ."

"ಖಂಡಿತಾ ತಾನೇ?"

ಅಕ್ಕ ಅವನನ್ನು ನೋಡಿದ ನೋಟಕ್ಕೆ ಅವನು ಕುರ್ಚಿಯಲ್ಲೇ ಅಟೆನ್ಷನ್ ಆದ.

ಅಷ್ಟರಲ್ಲಿ ಟೈಲರಮ್ಮ ಪುಟ್ಟದೊಂದು ಹಳದಿ ಟೋಪಿ ಹೊಲಿದುಕೊಂಡು ಬಂದುಬಿಟ್ಟರು. ಅಂಚಿಗೆ ಬಾತುಕೋಳಿ ಸಾಲು. ಇನ್ನು ಮುಚ್ಚಿಡುವಂತಿರಲಿಲ್ಲ. ಬ್ರೇಕಮ್ಮ ಅವರನ್ನು ಕೂರಿಸಿ ಇದ್ದದ್ದನ್ನು ಹೇಳಿದಳು. ಟೈಲರಮ್ಮ ಟೋಪಿಗೇ ಮುಖ ಒತ್ತಿಕೊಂಡು ಅಳತೊಡಗಿದರು. "ನನ್ನ ನಾಲಿಗೆ ಬಿದ್ದುಹೋಗ, ಊರಿಗೆಲ್ಲ ಹೇಳಿಬಿಟ್ಟೆ."

"ಹೇಳಿದ್ದೇ ಒಳ್ಳೇದಾಯ್ತು. ಇಲ್ಲದಿದ್ರೆ ನಾನು ಡಾಕ್ಟರ ಹತ್ರ ಹೋಗ್ತಾನೇ ಇರಲಿಲ್ಲ. ಇಲ್ಲಿ ಕೊಡಿ" ಎಂದು ಬ್ರೇಕಮ್ಮ ಟೋಪಿ ಕಿತ್ತುಕೊಂಡು ಹೊಟ್ಟೆಯ ಮೇಲೆ ಕೂರಿಸಿದಳು. "ಗುಲ್ಮಯ್ಯನಿಗೆ ಒಪ್ಪುತ್ತೆ ಅಲ್ವಾ? ನನಗೂ ಇದೇ ಥರದ್ದು ಒಂದು ಹೊಲಿದುಕೊಡಿ. ಔಷಧಿಗೆ ಕೂದಲು ಉದುರುತ್ತಂತೆ."

"ಬಾತುಕೋಳಿ ಬೇಕಾ?"

"ಬಾತುಕೋಳಿ ಬೇಕೇ ಬೇಕು."

ನಿಜವಾದ ಗಂಡಾಂತರ ಶುರುವಾದದ್ದು ಆಮೇಲೆ. ಕಸಿ ವಿಭಾಗದ ಹಿರಿಯ ನರ್ಸು ಎಲ್ಲ ವಿವರಿಸುತ್ತಿದ್ದರು. ಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ಆಸ್ಪತ್ರೆಗೆ ಬಂದುಹೋಗಬೇಕು. ಬಸ್ಸು ಬೇಡ, ಜನಜಂಗುಳಿ ಬೇಡ, ಯಾರದೋ ಕೆಮ್ಮು ತಗಲಿದರೂ ಕಷ್ಟ. ಜ್ವರ ಬಂದರೆ ತಡಮಾಡದೆ ಬರಬೇಕು.

"ಮನೇಲಿ ಗಾಡಿ ಯಾರು ಓಡಿಸ್ತೀರಿ?"

ಬ್ರೇಕಮ್ಮ ಕೈ ಎತ್ತಿದಳು.

"ನೀವಲ್ಲ."

ಅಕ್ಕ ತನಗೆ ಬಾರದು ಎಂದು ತಲೆ ಅಲ್ಲಾಡಿಸಿದಳು. ಎಲ್ಲರೂ ಗಂಡನ ಕಡೆ ತಿರುಗಿದರು. ಅವನು ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ. ಗೋಡೆಯಿತ್ತು.

ಊರಿಗೆಲ್ಲ ಗಾಡಿ ಕಲಿಸಿದವಳ ಗಂಡನಿಗೆ ಗಾಡಿ ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವಳು ಕರೆದದ್ದೇ ಕರೆದದ್ದು, ಅವನು ಜಾರಿಕೊಂಡದ್ದೇ ಜಾರಿಕೊಂಡದ್ದು. "ನನಗೆ ಮೇಲೆ ಹೋಗೋದು, ಕೆಳಗೆ ಬರೋದು ಇಷ್ಟೇ ಗೊತ್ತು ಕಣೇ. ಅಲ್ಲಿ ಎದುರಿಂದ ಯಾರೂ ಬರಲ್ಲ" ಅನ್ನುತ್ತಿದ್ದ. ಈಗ ಆ ನೆಪ ನಡೆಯುವಂತಿರಲಿಲ್ಲ.

ಮಾತ್ರೆಗೆ ಗುಲ್ಮಯ್ಯ ಸ್ವಲ್ಪ ತಗ್ಗಿದ್ದ, ಬ್ರೇಕಮ್ಮನಿಗೆ ಉಸಿರಾಡಲು ಜಾಗ ಸಿಕ್ಕಿತ್ತು. ಗಂಡನಿಗೆ ತಾನೇ ಕಲಿಸುತ್ತೇನೆ ಎಂದು ಹಟ ಹಿಡಿದಳು. ಹೊಟ್ಟೆಗೆ ಪೆಟ್ಟು ಬೀಳಬಾರದು, ಆಮೆಯ ಹಾಗೆ ಹೋಗುವುದಾದರೆ ಆಗಲಿ ಎಂದು ಡಾಕ್ಟರು ಒಪ್ಪಿದರು. ಗೋದಾಮುಗಳ ಹಿಂದೆ ಖಾಲಿ ಬಯಲೊಂದಿತ್ತು. ಮಡಿಲಲ್ಲಿ ದೊಡ್ಡ ತಲೆದಿಂಬು ಅಪ್ಪಿಕೊಂಡು ಅವಳು ಸ್ಕೂಲಿನ ಕಾರಿನ ತನ್ನ ಸೀಟಿನಲ್ಲಿ ಕೂತಳು. ಕೂತೇ ಇದ್ದಳು. ಗಂಡನ ಪತ್ತೆಯಿಲ್ಲ. ಬಗ್ಗಿ ನೋಡಿದರೆ ಅವನು ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದ.

"ಓಡಿಸಿ ಅಂದ್ರೆ ರಿಪೇರಿ ಮಾಡ್ತೀರಲ್ಲ!"

"ಬ್ರೇಕು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಡ್ವಾ?"

"ಅದು ಎಲ್ಲಿಗೂ ಹೋಗಲ್ಲ, ನಿಲ್ಲುತ್ತೆ! ಎದ್ದು ಬನ್ನಿ!"

ಮೊದಲ ದಿನ ಕಾರು ಓಡಲಿಲ್ಲ, ಕುಪ್ಪಳಿಸಿತು. ಪ್ರತಿ ಕುಪ್ಪಳಿಕೆಗೂ ಅವನು ಕಾರಿಗೆ "ಸಾರಿ, ಸಾರಿ" ಅನ್ನುತ್ತಿದ್ದ. ಮೂರನೇ ಗೇರು ಅಂದರೆ "ಮೂರನೇ ಮಹಡಿನಾ?" ಎಂದು ಕೇಳುತ್ತಿದ್ದ. ಹಿಂದಕ್ಕೆ ತೆಗೆಯಿರಿ ಅಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ಹಿಂದೆ ಹೇಗೂ ಕಾಣಲ್ಲ, ಕಣ್ಣು ಬಿಟ್ಟರೇನು ಮುಚ್ಚಿದರೇನು" ಎಂದು ಅವನ ವಾದ. ಎರಡನೇ ದಿನ ಒಂದು ಗೂಳಿ ಅಡ್ಡ ಬಂತು. ಬ್ರೇಕಮ್ಮ ಎಂದಿನಂತೆ ಎದೆ ತುಂಬ ಉಸಿರೆಳೆದು ಕೂಗಲು ಹೋದಳು. ಗಂಟಲಿನಿಂದ ಸದ್ದೇ ಬರಲಿಲ್ಲ. ರಕ್ತವಿಲ್ಲದ ಮೈಯಲ್ಲಿ ಆ ಕೂಗು ಎಲ್ಲಿಂದ ಬರಬೇಕು? "ಬ್ರೇಕು" ಅಂದದ್ದು ಬರೀ ಪಿಸುಮಾತಾಗಿತ್ತು. ಕಾರು ಗಕ್ಕನೆ ನಿಂತಿತು.

ಅವಳು ಗಂಡನ ಕಡೆ ತಿರುಗಿದಳು. "ನಿಮಗೆ ಕೇಳಿಸ್ತಾ?"

"ಇಷ್ಟು ವರ್ಷದಿಂದ ನಿನ್ನ ಪಿಸುಮಾತೇ ಅಲ್ವಾ ನಾನು ಕೇಳ್ತಿರೋದು. ಕೂಗೋದೆಲ್ಲ ಊರಿಗೆ" ಎಂದ ಅವನು, ಗೂಳಿಯಿಂದ ಕಣ್ಣು ಕೀಳದೆ. ಅವಳು ದಿಂಬಿನಲ್ಲಿ ಮುಖ ಹುದುಗಿಸಿಕೊಂಡಳು. ಗೂಳಿ ಇಬ್ಬರನ್ನೂ ನೋಡಿ, ನಿಧಾನವಾಗಿ ದಾರಿ ಬಿಟ್ಟಿತು.

ಬಯಲು ಮುಗಿದು ರಸ್ತೆಗೆ ಬಂದ ದಿನ ನಡೆದದ್ದನ್ನು ಅವರಿಬ್ಬರೂ ಇವತ್ತಿಗೂ ಒಬ್ಬರ ಮಾತು ಒಬ್ಬರು ಕಸಿದುಕೊಂಡು ಹೇಳುತ್ತಾರೆ. ಊರ ನಡುವೆ ಐದು ರಸ್ತೆ ಕೂಡುವ ದೊಡ್ಡ ವೃತ್ತ, ಅದರ ಮಧ್ಯೆ ನೀರಿಲ್ಲದ ಕಾರಂಜಿ. ಗಂಡ ಧೈರ್ಯವಾಗಿಯೇ ಒಳಗೆ ನುಗ್ಗಿದ. ಹೊರಗೆ ಬರುವುದು ಗೊತ್ತಾಗಲಿಲ್ಲ.

"ಈಗ ತಿರುಗಿಸಿ."

"ಆ ವ್ಯಾನಿನವನು ಬರ್ತಿದಾನೆ, ಪಾಪ ಹೋಗಲಿ."

"ಈಗ ತಿರುಗಿಸಿ!"

"ಶಾಲೆ ಮಕ್ಕಳ ಬಸ್ಸು ಕಣೇ. ಹೋಗಲಿ ಬಿಡು."

ಹೀಗೆ ಎಲ್ಲರಿಗೂ ದಾರಿ ಬಿಟ್ಟುಕೊಡುತ್ತ ಅವನು ಸುತ್ತಿದ, ಮತ್ತೆ ಸುತ್ತಿದ. ನೆರಳಿನಲ್ಲಿ ನಿಂತಿದ್ದ ಪೊಲೀಸಿನವನು ಮೊದಲ ಸುತ್ತಿಗೆ ನೋಡಿದ, ಎರಡನೇ ಸುತ್ತಿಗೆ ಸೀಟಿ ಊದಿದ, ಮುಂದಿನ ಸುತ್ತಿಗೆ ಸಲ್ಯೂಟು ಹೊಡೆದ. ಗಂಡ ಸಭ್ಯಸ್ಥನಂತೆ ತಿರುಗಿ ಸಲ್ಯೂಟು ಹೊಡೆದ. ಅಂದರೆ ಸ್ಟೇರಿಂಗಿನಿಂದ ಒಂದು ಕೈ ಬಿಟ್ಟ. ಬ್ರೇಕಮ್ಮನಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು.

"ರೀ, ತಲೆ ಸುತ್ತುತ್ತಾ ಇದೆ ರೀ!"

"ಅಯ್ಯೋ, ರಕ್ತ ಕಮ್ಮಿ ಆಯ್ತಾ?"

"ಅಲ್ಲ ರೀ! ನಾವೇ ಸುತ್ತುತ್ತಾ ಇದ್ದೀವಿ!"

ಅಷ್ಟೇ, ಇಬ್ಬರೂ ಹಿಡಿತಕ್ಕೆ ಸಿಗದ ಹಾಗೆ ನಕ್ಕರು. ಕಿಟಕಿಯಿಂದ ಕಾರಂಜಿ, ಬಟ್ಟೆ ಅಂಗಡಿ, ಬ್ಯಾಂಕು, ಪೊಲೀಸು, ಮತ್ತೆ ಕಾರಂಜಿ, ಬಟ್ಟೆ ಅಂಗಡಿ ಹಾದುಹೋಗುತ್ತಿದ್ದವು. ಬ್ಯಾಂಕಿನ ಮೆಟ್ಟಿಲ ಮೇಲಿದ್ದ ಮ್ಯಾನೇಜರು ತಮ್ಮ ಗುರುವನ್ನು ಗುರುತಿಸಿ ಕೈ ಬೀಸಿದರು. ಮರು ಸುತ್ತಿಗೂ ಬೀಸಿದರು. ಜಾತ್ರೆಯ ತೊಟ್ಟಿಲಲ್ಲಿ ಕೂತ ಮಕ್ಕಳ ಹಾಗೆ ಅವಳಿಗೆ ಕೆಳಗಿಳಿಯುವುದೇ ಬೇಡವಾಗಿತ್ತು. ಮೂಳೆಯಲ್ಲಿ ನಾರು ಬೆಳೆದಿದೆ ಅನ್ನುವುದು, ಮುಂದಿನ ತಿಂಗಳು ತನ್ನ ರಕ್ತವನ್ನೆಲ್ಲ ಅಳಿಸಿಹಾಕುತ್ತಾರೆ ಅನ್ನುವುದು, ಆ ಸುತ್ತಿನಲ್ಲಿ ಒಳಗೆ ಬರಲು ಸಂದಿ ಸಿಗದೆ ಹೊರಗೇ ನಿಂತಿದ್ದವು. ಕೊನೆಗೆ ಪೊಲೀಸಿನವನು ಐದೂ ರಸ್ತೆಯ ಗಾಡಿಗಳನ್ನು ತಡೆದು, ಎರಡೂ ಕೈ ಚಾಚಿ, ಮದುಮಕ್ಕಳನ್ನು ಕಳಿಸಿಕೊಡುವವನಂತೆ ಅವರನ್ನು ಹೊರಗೆ ಕಳಿಸಿದ.

ಲೈಸೆನ್ಸು ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದ. ಹಸಿರು ದೀಪ ಬಂದರೂ ಹೊರಡಲಿಲ್ಲವಂತೆ. ಫುಟ್‌ಪಾತಿನ ಮೇಲೆ ಅಜ್ಜಿಯೊಬ್ಬರು ನಿಂತಿದ್ದರು. "ದಾಟ್ಬೇಕೋ ಬೇಡ್ವೋ ಅಂತ ಅವರು ಯೋಚನೆ ಮಾಡ್ತಾ ಇದ್ರು. ನಡುವೆ ಹೊರಟುಬಿಟ್ರೆ ಅವಸರ ಮಾಡಿದ ಹಾಗಾಗಲ್ವಾ?" ಎಂದು ಅವನ ಅಳಲು. ಅಜ್ಜಿ ಬಸ್ಸಿಗೆ ಕಾಯುತ್ತಿದ್ದವರು. ಅಕ್ಕ ಈ ಕಥೆ ಕೇಳಿ ತಾನೇ ಕಣಕ್ಕಿಳಿದಳು. ಹಿಂದಿನ ಸೀಟಿನಲ್ಲಿ ಕೂತು, ಹೊರಡಬೇಕಾದಾಗ ಒಂದು ಸೀಟಿ, ನಿಲ್ಲಬೇಕಾದಾಗ ಎರಡು ಸೀಟಿ. ಎರಡನೇ ಸಲ ಪರೀಕ್ಷೆಗೆ ಹೋದವನು ಮಧ್ಯಾಹ್ನ ಮನೆಗೆ ಬಂದ. ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತಿದ. ಆಮೇಲೆ ಇನ್ನೊಂದು ಹೆಬ್ಬೆರಳೂ ಎತ್ತಿದ. ಟೈಲರಮ್ಮ ಮೆಟ್ಟಿಲಲ್ಲೇ ಕುಣಿದರು. ಅವರ ಕೊರಳಲ್ಲಿದ್ದ ಅಳತೆ ಟೇಪು ಹಾರಿ ಅಕ್ಕನ ಸೀಟಿಗೆ ಸುತ್ತಿಕೊಂಡಿತು.

ಆಸ್ಪತ್ರೆಗೆ ಸೇರುವ ದಿನ ಗಂಡನೇ ಗಾಡಿ ಓಡಿಸಿದ. ಮುಂದೆ ಬ್ರೇಕಮ್ಮ, ಹಿಂದೆ ಅಕ್ಕ, ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ. ಅಕ್ಕನಿಗೆ ನಾಲ್ಕು ದಿನ ಇಂಜೆಕ್ಷನ್ನು ಕೊಟ್ಟು ಬೀಜಕಣಗಳನ್ನು ರಕ್ತಕ್ಕೆ ಇಳಿಸಬೇಕಿತ್ತು. "ಕೂಗಿ ಕರೆದ್ರೆ ಅವೇ ಸಾಲಾಗಿ ಬರ್ತವೆ, ಇಂಜೆಕ್ಷನ್ ಯಾಕೆ?" ಎನ್ನುತ್ತಿದ್ದಳು ಅಕ್ಕ. ವೃತ್ತದ ಹತ್ತಿರ ಬಂದಾಗ ಗಂಡ ನೀಟಾಗಿ ಒಳಗೆ ಹೋಗಿ ನೀಟಾಗಿ ಹೊರಬೀಳುವವನಿದ್ದ. ಬ್ರೇಕಮ್ಮ ಅವನ ತೋಳು ಮುಟ್ಟಿದಳು.

"ರೀ, ಇನ್ನೊಂದೇ ಒಂದು ಸುತ್ತು."

ಅವನು ಸುತ್ತಿದ. ಹಿಂದಿನ ಸೀಟಿನಿಂದ ಎರಡು ಸೀಟಿ ಕೇಳಿಸಿತು. ಇಬ್ಬರೂ ಕಿವುಡರಾದರು.

ಒಳಗಿನ ದಿನಗಳು ಹಗುರವಾಗಿರಲಿಲ್ಲ. ಹಳೆಯ ಮಜ್ಜೆಯನ್ನು ಅಳಿಸುವ ಔಷಧಿ ಅವಳನ್ನು ಹಿಂಡಿ ಹಾಕಿತು. ಕೂದಲು ದಿಂಬಿನ ಮೇಲೆ ಉಳಿಯಿತು. ಬಾಯಿ ತುಂಬ ಹುಣ್ಣಾಗಿ ಎಂಜಲು ನುಂಗಲೂ ಆಗಲಿಲ್ಲ, ನಗಲೂ ಆಗಲಿಲ್ಲ. ಅಕ್ಕನ ತೋಳಿನಿಂದ ಯಂತ್ರವೊಂದು ರಕ್ತ ಎಳೆದು, ಬೀಜಕಣ ಸೋಸಿಕೊಂಡು, ಉಳಿದದ್ದನ್ನು ಮರಳಿಸಿತು. ಕೊನೆಗೆ ಬಂದದ್ದು ಟೊಮೆಟೊ ಸಾರಿನ ಬಣ್ಣದ ಒಂದು ಪುಟ್ಟ ಚೀಲ. ಅದು ತೊಟ್ಟು ತೊಟ್ಟಾಗಿ ಇವಳೊಳಗೆ ಇಳಿದು ಮುಗಿಯಿತು.

"ಇಷ್ಟೇನಾ?" ಎಂದು ಸನ್ನೆ ಮಾಡಿದಳು ಬ್ರೇಕಮ್ಮ.

"ಇಷ್ಟೇ. ಇನ್ನು ಅವು ದಾರಿ ಹುಡುಕ್ಕೊಂಡು ಮೂಳೆಗೆ ಹೋಗ್ಬೇಕು" ಎಂದರು ನರ್ಸು.

ಆಮೇಲೆ ಕಾಯುವ ಕೆಲಸ. ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ಒಂದು ಸಂಜೆ ಅವಳಿಗೆ ಸಾಕಪ್ಪಾ ಅನ್ನಿಸಿ ಗೋಡೆ ಕಡೆ ತಿರುಗಿ ಮಲಗಿದಳು. ಗಾಜಿನ ಆಚೆ ಗಂಡ ನಿಂತಿದ್ದ. ಒಳಗೆ ಬರುವಂತಿಲ್ಲ, ಫೋನು ಎತ್ತಿ ಮಾತಾಡಲು ಅವಳಿಗೆ ಬಾಯಿಲ್ಲ. ಅವನು ಗಾಜನ್ನು ಬೆರಳಿಂದ ಟಕಟಕ ಕುಟ್ಟಿದ. ತಿರುಗಿ ನೋಡಿದಳು. ಜೀವಮಾನವಿಡೀ ನಾಲ್ಕು ಜನರ ಮುಂದೆ ಕೆಮ್ಮಲೂ ನಾಚಿದ ಆ ಮನುಷ್ಯ, ಹೋಗಿಬರುವವರ ನಡುವೆ, ಗಾಜಿನಾಚೆ ಲಿಫ್ಟಿನಲ್ಲಿ ಇಳಿದುಹೋಗುವವನ ನಟನೆ ಮಾಡುತ್ತಿದ್ದ. ಮಂಡಿ ಬಗ್ಗಿಸುತ್ತ ಬಗ್ಗಿಸುತ್ತ ಕಿಟಕಿಯ ಅಂಚಿನ ಕೆಳಗೆ ಮಾಯವಾದ. ಸ್ವಲ್ಪ ಹೊತ್ತು ಖಾಲಿ. ಮತ್ತೆ ಮೆಲ್ಲಗೆ ಮೇಲೆ ಬಂದ, ಗಂಭೀರವಾಗಿ, ನಡುವೆ ಕೆಟ್ಟು ನಿಂತ. ಜೇಬಿನಿಂದ ಸ್ಕ್ರೂಡ್ರೈವರು ತೆಗೆದು ತನ್ನದೇ ಕಿವಿ ತಿರುಗಿಸಿಕೊಂಡ. ಹುಣ್ಣಿನ ಬಾಯಿಗೆ ಬೆಂಕಿ ಬಿದ್ದ ಹಾಗಾದರೂ ಅವಳು ನಕ್ಕಳು. ಪಕ್ಕದ ಕೋಣೆಯವರೂ ಗಾಜಿಗೆ ಮೂಗು ಒತ್ತಿ, ಇನ್ನೊಂದು ಸಲ ಎಂದು ಬೆರಳು ತೋರಿಸಿದರು. ಅವನು ಪ್ರತಿ ಸಂಜೆ ಆಟ ನಡೆಸಬೇಕಾಯಿತು.

ಮೂರನೇ ವಾರದ ಕೊನೆಗೆ ಡಾಕ್ಟರು ನೆತ್ತಿ ಸವರಿಕೊಳ್ಳುತ್ತ ಒಳಗೆ ಬಂದರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಅದು ನಗುತ್ತಿತ್ತು. "ಬಿಳಿ ಕಣ ಹುಟ್ತಾ ಇವೆ. ನಿಮ್ಮಕ್ಕ ಒಳಗೆ ಬಂದು ಕೂತಾಯ್ತು."

"ಗೊತ್ತು ಡಾಕ್ಟ್ರೇ" ಎಂದಳು ಬ್ರೇಕಮ್ಮ ತೊದಲುತ್ತ. "ಬೆಳಿಗ್ಗೆಯಿಂದ ಬೆನ್ನು ನೆಟ್ಟಗಾಗಿದೆ."

ಮನೆಗೆ ಬಂದ ಮೇಲೂ ಪಾಡು ಮುಗಿಯಲಿಲ್ಲ. ಅಕ್ಕನ ಕಣಗಳು ಅಲ್ಲಲ್ಲಿ ಜಗಳ ತೆಗೆದು ಮೈಮೇಲೆ ದದ್ದು ಎಬ್ಬಿಸಿದವು, ಅದಕ್ಕೆ ಬೇರೆ ಮಾತ್ರೆ. ಒಂದು ಸಲ ಜ್ವರ ಬಂದು ಗಂಡ ಒಂದೇ ಉಸಿರಿಗೆ ಗಾಡಿ ಓಡಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ. ಆವತ್ತು ಯಾರಿಗೂ ದಾರಿ ಬಿಡಲಿಲ್ಲ ಎಂದು ಆಮೇಲೆ ನಾಲ್ಕು ದಿನ ಕೊರಗಿದ. ತಿಂಗಳುಗಳು ಹೋದಂತೆ ಗುಲ್ಮಯ್ಯ ಪಕ್ಕೆಲುಬಿನೊಳಕ್ಕೆ ಸರಿದುಕೊಂಡ. ಕೂದಲು ಬಂತು, ಅದೂ ಸುರುಳಿ ಸುರುಳಿಯಾಗಿ. ರಕ್ತದ ಗುಂಪು ಅಕ್ಕನದೇ ಆಯಿತು. ಮೂಳೆಯ ಚೂರು ಮತ್ತೆ ತೆಗೆದು ನೋಡಿದಾಗ ನಾರು ಬಹುಪಾಲು ಕರಗಿತ್ತು.

ಆ ದಿನವೇ ಡಾಕ್ಟರು, ಇನ್ನು ಬೇಯಿಸದ ಹಣ್ಣನ್ನೂ ತಿನ್ನಬಹುದು, ಚೆನ್ನಾಗಿ ತೊಳೆದು, ಎಂದರು. ಅಷ್ಟು ತಿಂಗಳು ಅವಳು ಬೇಯಿಸಿದ್ದು, ಕುದಿಸಿದ್ದು ಬಿಟ್ಟು ಬೇರೇನೂ ಬಾಯಿಗಿಟ್ಟಿರಲಿಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಿ ಅಕ್ಕ ದ್ರಾಕ್ಷಿ ಆರಿಸಿದಳು. ಒಂದೊಂದು ಗೊಂಚಲನ್ನೂ ಎತ್ತಿ ಹಿಡಿದು, ನೆಟ್ಟಗಿಲ್ಲದೆ ಜೋತುಬಿದ್ದವನ್ನು ತಿರಸ್ಕರಿಸಿದಳು. ಮನೆಯಲ್ಲಿ ಗಂಡ ಅದನ್ನು ಎಷ್ಟು ಸಲ ತೊಳೆದನೆಂದರೆ ಕೊನೆಗೆ ಬ್ರೇಕಮ್ಮ ಅಡುಗೆಮನೆಗೇ ನುಗ್ಗಿದಳು.

"ಸಿಪ್ಪೆನಾದ್ರೂ ಉಳಿಸ್ರೀ!"

ಮೂವರೂ ಅಡುಗೆಮನೆಯ ನೆಲದ ಮೇಲೆ ಪಾತ್ರೆಯ ಸುತ್ತ ಕೂತರು. ಬ್ರೇಕಮ್ಮ ಒಂದು ಕಾಳು ಬಾಯಿಗೆ ಹಾಕಿ ಹಲ್ಲಿಂದ ಒಡೆದಳು. ತಣ್ಣಗಿನ ರಸ ಚಿಮ್ಮಿ ಗದ್ದಕ್ಕಿಳಿಯಿತು. ಕಣ್ಣು ಮುಚ್ಚಿಕೊಂಡಳು. ಗಂಡನೂ ಅಕ್ಕನೂ ಉಸಿರು ಹಿಡಿದು ನೋಡುತ್ತಿದ್ದರು.

"ಹೇಗಿದೆ?" ಎಂದ ಗಂಡ.

"ಹುಳಿ" ಎಂದಳು ಅವಳು. "ಅಬ್ಬಬ್ಬಾ, ಏನು ಹುಳಿ!" ಎಂದು ಪಾತ್ರೆಯನ್ನೇ ಮಡಿಲಿಗೆ ಎಳೆದುಕೊಂಡಳು.